ಯಾರೂ ನೋಡದೇ ಇದ್ರೂ ಪಟ್ಟೆ ಮಾಯ ಆಯ್ತು

ಕ್ವಾಂಟಮ್ ಭೌತವಿಜ್ಞಾನದ ಬಗ್ಗೆ ಬರೆದ ಪತ್ರಕ್ಕೆ ಥ್ಯಾಂಕ್ಸ್. ನೋಡೋದ್ರಿಂದಲೇ ಕಣದ ಸ್ಥಿತಿ ಗಟ್ಟಿ ಆಗೋದಾದ್ರೆ ಜಗತ್ತು ನಮ್ಮ ಪ್ರಜ್ಞೆಯ ಸೃಷ್ಟಿನಾ, ಆ ಸಿದ್ಧಾಂತದ ಎಲ್ಲಾ ವ್ಯಾಖ್ಯಾನಗಳೂ ಒಂದೇ ಲೆಕ್ಕ ಕೊಡೋದಾದ್ರೆ ಈ ಜಗಳ ಯಾಕೆ, ಇದು ಬರೀ ಫಿಲಾಸಫಿ ಅಲ್ವಾ ಅಂತ ಕೇಳಿದೀರಿ. ಕೊನೇಲಿ "ಸಂಪಾದಕರು ಯಾವ ಪಾರ್ಟಿ?" ಅಂತ ಒಂದು ಕೊಕ್ಕೆ ಬೇರೆ.

ಪ್ರಜ್ಞೆ ವಿಷಯ ಮೊದಲು. 1961ರಲ್ಲಿ ವಿಗ್ನರ್ ಥರದ ದೊಡ್ಡ ಭೌತವಿಜ್ಞಾನಿನೇ ಹಾಗೆ ವಾದಿಸಿದ್ರು, ಆಮೇಲೆ ಅವರೇ ಅದನ್ನ ಕೈಬಿಟ್ರು. 2004ರಲ್ಲಿ ವಿಯೆನ್ನಾದಲ್ಲಿ ಮಾಡಿದ ಪ್ರಯೋಗ ನೋಡಿ: 70 ಕಾರ್ಬನ್ ಪರಮಾಣುಗಳಿರೋ ಅಣುಗಳನ್ನ ಲೇಸರ್‌ನಿಂದ ಕಾಯಿಸಿ ಸಣ್ಣ ಸೀಳುಗಳ ಮೂಲಕ ಬಿಟ್ರು. ತಣ್ಣಗಿದ್ದಾಗ, ಅಲೆಗಳು ಒಂದಕ್ಕೊಂದು ಬೆರೆತಾಗ ಆಗೋ ಥರ, ಅಣುಗಳು ಒಂದು ಕಡೆ ಹೆಚ್ಚು ಪಕ್ಕದಲ್ಲಿ ಕಡಿಮೆ ಅನ್ನೋ ಪಟ್ಟೆ ಬರ್ತಿತ್ತು, ಬಿಸಿ ಏರಿಸ್ತಾ ಹೋದ ಹಾಗೆ ಮಸುಕಾಗ್ತಾ ಕೊನೆಗೆ ಮಾಯ. ಯಾಕಂದ್ರೆ ಕಾದ ಅಣು ತಾನೇ ಬೆಳಕು ಸೂಸುತ್ತೆ, ಆ ಬೆಳಕು ಅಣು ಎಲ್ಲಿತ್ತು ಅನ್ನೋ ಸುಳಿವನ್ನ ಹೊತ್ಕೊಂಡು ಹೋಗುತ್ತೆ. ಆ ಬೆಳಕನ್ನ ಯಾರೂ ಹಿಡಿದು ನೋಡ್ಲಿಲ್ಲ, ಸುಳಿವು ಹೊರಗೆ ಹೋಗಿದ್ದೇ ಸಾಕಾಯ್ತು. ಇದಕ್ಕೆ ಡಿಕೋಹಿರೆನ್ಸ್ ಅಂತಾರೆ.

ಆದ್ರೆ ಇಷ್ಟಕ್ಕೇ ಕಥೆ ಮುಗಿಯಲ್ಲ. ಪಟ್ಟೆ ಯಾಕೆ ಹೋಯ್ತು ಅಂತ ಗೊತ್ತಾಯ್ತು, ಇರೋ ಸಾಧ್ಯತೆಗಳಲ್ಲಿ ಒಂದೇ ಯಾಕೆ ನಮ್ಮ ಕಣ್ಣಿಗೆ ಬಿತ್ತು ಅನ್ನೋದು ಹಾಗೇ ಉಳೀತು, ಜಗಳ ಇರೋದು ಅಲ್ಲೇ. ಭೌತವಿಜ್ಞಾನಿ ಎವರೆಟ್ 1957ರಲ್ಲಿ ಎಲ್ಲಾ ಸಾಧ್ಯತೆಗಳೂ ಬೇರೆ ಬೇರೆ ಕವಲಲ್ಲಿ ನಡೀತವೆ ಅಂದ್ರು. ಇನ್ನೊಬ್ಬ ಭೌತವಿಜ್ಞಾನಿ ಬೋಮ್ 1952ರಲ್ಲಿ ಕಣಕ್ಕೆ ಯಾವಾಗ್ಲೂ ಒಂದು ಜಾಗ ಇದ್ದೇ ಇರುತ್ತೆ, ಅಲೆ ಅದನ್ನ ನಡೆಸುತ್ತೆ ಅಂದಿದ್ರು.

ಇನ್ನು "ಬರೀ ಫಿಲಾಸಫಿ" ಅನ್ನೋ ಮಾತು. ಬೋಮ್ ಥರದ ಸಿದ್ಧಾಂತ ಸಾಧ್ಯವೇ ಇಲ್ಲ ಅಂತ ಗಣಿತಜ್ಞ ಫಾನ್ ನಾಯ್ಮನ್ 1932ರಲ್ಲೇ ಗಣಿತದ ಒಂದು ಪುರಾವೆ ಕೊಟ್ಟಿದ್ರು. ಅದ್ರಲ್ಲಿ ತೂತಿದೆ ಅಂತ 1935ರಲ್ಲಿ ಗ್ರೇಟೆ ಹರ್ಮನ್ ತೋರಿಸಿದ್ರೂ ಹೆಚ್ಚಿನವರು ಕಿವಿಗೆ ಹಾಕ್ಕೊಳ್ಲಿಲ್ಲ (ಇದು ನನಗೆ ಇವತ್ತಿಗೂ ಸಿಟ್ಟು ಬರಿಸೋ ವಿಷಯ). ಭೌತವಿಜ್ಞಾನಿ ಜಾನ್ ಬೆಲ್ ಮಾತ್ರ ಬೋಮ್ ಪೇಪರ್ ಓದಿ ತಲೆ ಕೆಡಿಸ್ಕೊಂಡ್ರು: ಇಲ್ಲಿ ದೂರದ ಕಣಗಳು ತಕ್ಷಣ ಒಂದಕ್ಕೊಂದು ತಟ್ಟುತ್ತಲ್ಲ, ಇದು ಈ ಸಿದ್ಧಾಂತದ ದೋಷನಾ ಇಲ್ಲಾ ಪ್ರಕೃತಿಯೇ ಹಾಗಾ? 1964ರಲ್ಲಿ ಅದು ಅಳತೆ ಮಾಡೋ ಪ್ರಶ್ನೆಯಾಯ್ತು. ಅಳತೆಯ ಉತ್ತರಗಳು ಮೊದಲೇ ನಿಗದಿಯಾಗಿದ್ದು ದೂರದ ಪ್ರಭಾವವೂ ಇಲ್ಲದಿದ್ರೆ, ಎರಡು ಕಡೆಯ ಉತ್ತರಗಳು ಎಷ್ಟು ಹೊಂದುತ್ತವೆ ಅಂತ ಹೇಳೋ ಒಂದು ಸಂಖ್ಯೆ 2 ದಾಟೋ ಹಾಗಿಲ್ಲ, ಕ್ವಾಂಟಮ್ ಲೆಕ್ಕದಲ್ಲಿ ಸುಮಾರು 2.83ರ ತನಕ ಹೋಗಬಹುದು. 2015ರಲ್ಲಿ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ದೂರ ಇಟ್ಟ ಎರಡು ವಜ್ರಗಳೊಳಗಿನ ಎಲೆಕ್ಟ್ರಾನ್‌ಗಳಲ್ಲಿ ಸಿಕ್ಕಿದ್ದು 2.42. ಇಂಥ ಪ್ರಯೋಗಗಳಿಗೇ 2022ರ ನೊಬೆಲ್ ಬಂತು, ಬೆಲ್ ಅಷ್ಟೊತ್ತಿಗೆ ಇರ್ಲಿಲ್ಲ. ಹಾಗಂತ ಬೋಮ್ ಸೋತ್ರು ಅಂತಲ್ಲ, ಅವರದ್ದು ದೂರದ ಪ್ರಭಾವವನ್ನ ಒಪ್ಪಿಕೊಂಡೇ ಹೊರಟ ಸಿದ್ಧಾಂತ.

ಕೊಕ್ಕೆಗೆ ಉತ್ತರ: ಕೊಲ್ಯಾಪ್ಸ್ ಸಿದ್ಧಾಂತಗಳ ಕಡೆ, ಅಂದ್ರೆ ಯಾರೂ ನೋಡದೇ ಇದ್ರೂ ಸಾಧ್ಯತೆಗಳು ತಾವಾಗೇ ಕುಸಿದು ಒಂದೇ ಉಳಿಯುತ್ತೆ ಅನ್ನೋ ಸಿದ್ಧಾಂತಗಳ ಕಡೆ ನನಗೆ ಒಲವು. ಅವು ಸಮೀಕರಣವನ್ನೇ ಬದಲಿಸ್ತವೆ, ಅದಕ್ಕೆ ನೀವಂದ "ಒಂದೇ ಲೆಕ್ಕ" ಇವಕ್ಕೆ ಅನ್ವಯಿಸಲ್ಲ, ತಪ್ಪಾದ್ರೆ ಸಿಕ್ಕಿ ಬೀಳ್ತವೆ. ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿಯ ಲ್ಯಾಬ್‌ನಲ್ಲಿ ಕೊಲ್ಯಾಪ್ಸ್ ಆದಾಗ ಹೊರಬೀಳಬೇಕಿದ್ದ ಕ್ಷೀಣ ವಿಕಿರಣ ಹುಡುಕಿದ್ರು, ಸಿಗ್ಲಿಲ್ಲ, ಈ ಕುಸಿತಕ್ಕೆ ಗುರುತ್ವವೇ ಕಾರಣ ಅನ್ನೋ ಡಿಯೋಷಿ-ಪೆನ್‌ರೋಸ್ ಮಾದರಿಯ ತೀರಾ ಸರಳ ರೂಪ ಅಲ್ಲಿಗೆ ಔಟ್. ಉಳಿದ ರೂಪಗಳ ಬೇಟೆ ಇನ್ನೂ ನಡೀತಿದೆ.