ನೀವು ಕೇಳಿದ್ದೀರಿ: ಶಿಲುಬೆಯ ನೋವು ಎಷ್ಟು, ಅದಕ್ಕೆ ಅರ್ಥ ಏನು?

ಗುಡ್ ಫ್ರೈಡೇ ಕಳೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಗುಡ್ ಫ್ರೈಡೇ ದಿನ ನಮ್ಮ ಚರ್ಚಿನಲ್ಲಿ ಪ್ರಸಂಗ ಮಾಡಿದವರು ಚಾಟಿ ಏಟಿನಿಂದ ಹಿಡಿದು ಉಸಿರು ನಿಲ್ಲುವ ತನಕ ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದರು. ಮೊಳೆ ಯಾವ ನರಕ್ಕೆ ತಗಲುತ್ತದೆ, ಶ್ವಾಸಕೋಶಕ್ಕೆ ಏನಾಗುತ್ತದೆ, ಎಲ್ಲ. ನನ್ನ ಹತ್ತು ವರ್ಷದ ಮಗಳು ಆ ರಾತ್ರಿ ನಿದ್ದೆಯೇ ಮಾಡಲಿಲ್ಲ. ಇದೆಲ್ಲ ಬೈಬಲ್‌ನಲ್ಲಿ ಇದೆಯಾ? ಎಷ್ಟು ನಿಜ?

ಅಷ್ಟೆಲ್ಲ ಇಲ್ಲ. ಮಾರ್ಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದು ನೋಡಿ. ಅವನನ್ನು ಶಿಲುಬೆಗೆ ಹಾಕಿದರು ಎಂದು ಒಂದು ಮಾತು, ಮುಗಿಯಿತು. ಅದರ ಬೆನ್ನಿಗೇ ಸಿಪಾಯಿಗಳು ಚೀಟಿ ಹಾಕಿ ಅವನ ಬಟ್ಟೆ ಹಂಚಿಕೊಂಡ ಸುದ್ದಿ ಬರುತ್ತದೆ. ಮೊಳೆಯ ಹೆಸರೇ ಇಲ್ಲ. ಮೊಳೆ ಬರುವುದು ಯೋಹಾನನ ಸುವಾರ್ತೆಯಲ್ಲಿ, ಅದೂ ಯೇಸು ಸತ್ತು ಎದ್ದ ಮೇಲೆ, ಕೈಯಲ್ಲಿ ಮೊಳೆಯ ಗುರುತು ನೋಡಿದ ಹೊರತು ನಂಬುವುದಿಲ್ಲ ಎಂದು ಶಿಷ್ಯ ತೋಮ ಹಟ ಹಿಡಿದಾಗ. ಚಾಟಿ ಏಟಿನದೂ ಅದೇ ಕಥೆ. ಮೂವತ್ತೊಂಬತ್ತು ಏಟು ಎಂದು ಹೇಳುತ್ತಾರಲ್ಲ, ಅದು ಯೆಹೂದಿಗಳ ಕಟ್ಟಳೆ. ನಲವತ್ತು ದಾಟಬಾರದು ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ, ಲೆಕ್ಕ ತಪ್ಪೀತೆಂದು ಒಂದು ಕಡಿಮೆ ಹೊಡೆಯುತ್ತಿದ್ದರು. ಯೇಸುವನ್ನು ಹೊಡೆದವರು ರೋಮನ್ ಸಿಪಾಯಿಗಳು. ಅವರಿಗೆ ಆ ಮಿತಿ ಅನ್ವಯಿಸುತ್ತಿರಲಿಲ್ಲ.

ಸುವಾರ್ತೆಗಳನ್ನು ಮೊದಲು ಕೇಳಿದವರಿಗೆ ಶಿಲುಬೆ ಅಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್‌ನ ಗುಲಾಮರ ದಂಗೆ ಮುರಿದ ಮೇಲೆ ಕ್ರಾಸಸ್ ಎಂಬ ಸೇನಾಪತಿ ಸೆರೆ ಸಿಕ್ಕ ಸುಮಾರು 6000 ಜನರನ್ನು ಕಪುವಾದಿಂದ ರೋಮ್‌ವರೆಗೆ ದಾರಿಯುದ್ದಕ್ಕೂ ಶಿಲುಬೆಗೆ ಹಾಕಿಸಿದ್ದ. ಕ್ರಿ.ಶ. 70ರಲ್ಲಿ ಯೆರೂಸಲೇಮಿಗೆ ರೋಮನ್ ಸೇನೆಯ ಮುತ್ತಿಗೆ ಬಿದ್ದಾಗ ದಿನಕ್ಕೆ ಐನೂರು ಜನ, ಕೆಲವು ದಿನ ಇನ್ನೂ ಜಾಸ್ತಿ, ಸಿಕ್ಕಿಬಿದ್ದರು. ಸಿಪಾಯಿಗಳು ಸಿಟ್ಟಿಗೋ ತಮಾಷೆಗೋ ಒಬ್ಬೊಬ್ಬರನ್ನು ಒಂದೊಂದು ಭಂಗಿಯಲ್ಲಿ ಜಡಿದರು, ಕೊನೆಗೆ ಶಿಲುಬೆ ನಿಲ್ಲಿಸಲು ಜಾಗವೇ ಸಾಲಲಿಲ್ಲ ಎಂದು ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅದೇ ಜೋಸೆಫಸ್ ಒಮ್ಮೆ ತನಗೆ ಪರಿಚಯವಿದ್ದ ಮೂವರು ಶಿಲುಬೆಯ ಮೇಲಿರುವುದನ್ನು ಕಂಡು, ಅಳುತ್ತಾ ಹೋಗಿ ಸೇನಾಪತಿ ತೀತನ ಕಾಲು ಹಿಡಿದಂತೆ ಬೇಡಿಕೊಂಡ. ಮೂವರನ್ನೂ ಇಳಿಸಿದರು, ವೈದ್ಯ ಮಾಡಿಸಿದರು. ಇಬ್ಬರು ಸತ್ತರು, ಒಬ್ಬ ಬದುಕಿದ.

ನೋವು ಎಷ್ಟಿತ್ತು ಅನ್ನುವುದಕ್ಕೆ ಪ್ರಸಂಗಕ್ಕಿಂತ ಗಟ್ಟಿ ಸಾಕ್ಷಿ ಒಂದು ಹಿಮ್ಮಡಿ ಮೂಳೆ. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಗಿವತ್ ಹಾಮಿವ್ತಾರ್ ಎಂಬಲ್ಲಿ ಹಳೆಯ ಸಮಾಧಿ ಗುಹೆಗಳು ಸಿಕ್ಕವು. ಅಲ್ಲಿದ್ದ ಒಂದು ಕಲ್ಲಿನ ಅಸ್ಥಿಪೆಟ್ಟಿಗೆಯ ಮೇಲೆ ಯೆಹೋಹಾನಾನ್ ಎಂದು ಹೆಸರು ಕೆತ್ತಿತ್ತು. ಒಳಗೆ ಇಪ್ಪತ್ತರ ಹರೆಯದ ಗಂಡಸಿನ ಮೂಳೆಗಳು. ಬಲಗಾಲಿನ ಹಿಮ್ಮಡಿಯಲ್ಲಿ ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಇನ್ನೂ ಹಾಗೇ ಇತ್ತು. ಪಕ್ಕದಿಂದ ಹೊಡೆದ ಮೊಳೆ. ಮೊಳೆಯ ತಲೆಗೂ ಮೂಳೆಗೂ ನಡುವೆ ಮರದ ಚೂರು. ಅಂದರೆ ಪಾದ ಕಿತ್ತುಕೊಂಡು ಬರದಿರಲಿ ಅಂತ ಮೊದಲು ಒಂದು ಪುಟ್ಟ ಹಲಗೆ ಇಟ್ಟು ಅದರ ಮೇಲಿಂದ ಜಡಿದಿದ್ದಾರೆ. ಕೆಲಸ ಗೊತ್ತಿದ್ದವರು. ಮೊಳೆಯ ತುದಿ ಬಾಗಿಹೋಗಿತ್ತು, ಬಹುಶಃ ಮರದ ಗಂಟಿಗೆ ತಾಗಿ. ಅದಕ್ಕೇ ಹೆಣ ಇಳಿಸಿದವರಿಗೆ ಕೀಳಲು ಆಗಿಲ್ಲ, ಮೊಳೆಯ ಸಮೇತ ಹೂಳಿದ್ದಾರೆ.

ಇನ್ನು ಡಾಕ್ಟರರ ಮಾತು. ಫ್ರಾನ್ಸಿನ ಶಸ್ತ್ರವೈದ್ಯ ಪಿಯರ್ ಬಾರ್ಬೆ 1930ರ ದಶಕದಲ್ಲಿ, ಅಂಗೈಗೆ ಮೊಳೆ ಹೊಡೆದರೆ ಮೈಭಾರಕ್ಕೆ ಅಂಗೈ ಹರಿದುಹೋಗುತ್ತದೆ, ಹಾಗಾಗಿ ಮಣಿಕಟ್ಟಿಗೆ ಹೊಡೆದಿರಬೇಕು, ಸಾವು ಉಸಿರುಗಟ್ಟಿ ಬಂದಿರಬೇಕು ಎಂದರು. ನೀವು ಕೇಳಿದ ಪ್ರಸಂಗದ ಬೇರು ಅಲ್ಲಿದೆ. ಆಮೇಲೆ ಅಮೆರಿಕದ ಶವಪರೀಕ್ಷಾ ತಜ್ಞ ಫ್ರೆಡರಿಕ್ ಝುಗಿಬೆ, ಒಪ್ಪಿ ಬಂದವರನ್ನು ಶಿಲುಬೆಗೆ ಪಟ್ಟಿಯಿಂದ ಕಟ್ಟಿ ನೋಡಿದರು. ತೋಳು ಸೆಳೆಯಿತು, ಭುಜ ನೋಯಿತು, ಉಸಿರಿಗೆ ಮಾತ್ರ ತೊಂದರೆ ಆಗಲಿಲ್ಲ. ಏಟು, ರಕ್ತಸ್ರಾವ, ಬಾಯಾರಿಕೆ ಎಲ್ಲ ಸೇರಿ ರಕ್ತದ ಓಟ ಕುಸಿದು ದೇಹ ಶಾಕ್‌ಗೆ ಹೋಗಿ ಸಾವು ಬರುತ್ತದೆ ಅನ್ನುವುದು ಅವರ ವಾದ. ವೈದ್ಯರ ಜಗಳ ಇನ್ನೂ ಮುಗಿದಿಲ್ಲ. ವೇದಿಕೆ ಮೇಲೆ ನಿಂತವರು ಒಂದು ವಾದವನ್ನು ಹಿಡಿದು ಇದೇ ಸತ್ಯ ಎಂದು ಮಕ್ಕಳ ಮುಂದೆ ಓದುವುದು ನನಗಂತೂ ಸರಿ ಕಾಣುವುದಿಲ್ಲ. ಹತ್ತು ವರ್ಷದವಳಿಗೆ ಮಾರ್ಕನು ಹೇಳಿದಷ್ಟು ಹೇಳಿದರೆ ಸಾಕು. ಅದೂ ಕಡಿಮೆಯೇನಲ್ಲ.

ಪ್ರಶ್ನೆ: ಬೇರೆಯವರು ದಿನಗಟ್ಟಲೆ ಶಿಲುಬೆಯಲ್ಲಿ ನೇತಾಡಿ ಸತ್ತರು. ಯೇಸು ಆರು ಗಂಟೆಯಲ್ಲಿ ತೀರಿಕೊಂಡ. ಯೇಸುವಿಗಿಂತ ಜಾಸ್ತಿ ನೋವು ತಿಂದವರು ಎಷ್ಟೋ ಜನ ಇದ್ದಾರೆ ಅಲ್ವಾ? ಮತ್ತೆ ಅವನ ನೋವಿನಲ್ಲಿ ವಿಶೇಷ ಏನು?

ಕೊಂಕಿನಲ್ಲಿ ಕೇಳಿದ್ದೀರಿ, ಆದರೆ ಕೇಳಿದ್ದು ಸರಿಯಾಗಿದೆ. ಮಾರ್ಕನ ಪ್ರಕಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಶಿಲುಬೆ, ಮಧ್ಯಾಹ್ನ ಮೂರರ ಹೊತ್ತಿಗೆ ಸಾವು. ಇಷ್ಟು ಬೇಗ ಸತ್ತನೇ ಎಂದು ಶಿಕ್ಷೆ ವಿಧಿಸಿದ ರೋಮನ್ ಅಧಿಪತಿ ಪಿಲಾತನಿಗೇ ಆಶ್ಚರ್ಯವಾಗಿ ಶತಾಧಿಪತಿಯನ್ನು ಕರೆಸಿ ವಿಚಾರಿಸಿದ. ಅಕ್ಕಪಕ್ಕದಲ್ಲಿದ್ದ ಇಬ್ಬರು ಕಳ್ಳರು ಇನ್ನೂ ಸತ್ತಿರಲಿಲ್ಲ, ಬೇಗ ಸಾಯಲಿ ಎಂದು ಅವರ ಕಾಲು ಮುರಿಸಬೇಕಾಯಿತು. ಮೈನೋವಿಗೆ ಅಂಕ ಕೊಡುವ ಸ್ಪರ್ಧೆ ಇಟ್ಟರೆ ಯೇಸು ಮೊದಲ ಸ್ಥಾನಕ್ಕೆ ಬರುವುದಿಲ್ಲ. ಅವನೇ ಎಲ್ಲರಿಗಿಂತ ಹೆಚ್ಚು ನರಳಿದ ಎಂದು ಸಾಧಿಸಲು ಹೊರಡುವವರು ಸುಮ್ನೆ ಸೋಲುವ ವಾದಕ್ಕೆ ಇಳಿಯುತ್ತಾರೆ.

ಕ್ರೈಸ್ತ ನಂಬಿಕೆಯ ಭಾರವೆಲ್ಲ ಅಲ್ಲಿ ತೂಗಿದವನು ಯಾರು ಅನ್ನುವುದರ ಮೇಲಿದೆ. ದೇವರ ಸ್ವರೂಪದಲ್ಲಿದ್ದವನು ದಾಸನ ರೂಪ ತಾಳಿ ಶಿಲುಬೆಯ ಮರಣದ ತನಕ ತಗ್ಗಿದ ಎಂದು ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. 'ದಾಸ' ಅಂದದ್ದು ಅಲಂಕಾರಕ್ಕಲ್ಲ. ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಇಟ್ಟ ಸಾವು, ರೋಮನ್ ನಾಗರಿಕರಿಗೆ ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. ಊರಿಗೆ ಕಾಣುವ ಜಾಗದಲ್ಲಿ, ಬತ್ತಲೆ ಮಾಡಿ, ಹೋಗುವವರು ಬರುವವರು ಉಗಿಯಲಿ ಅಂತಲೇ ಏರಿಸುತ್ತಿದ್ದರು. ಯೆಹೂದಿಗಳಿಗೆ ಇನ್ನೊಂದು ಸಂಕಟ: ಮರಕ್ಕೆ ತೂಗಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿ ಎಂದು ಧರ್ಮಶಾಸ್ತ್ರದಲ್ಲೇ ಇದೆ. ಅಂಥ ಸಾವು ಸತ್ತವನನ್ನು ದೇವರು ಅನ್ನುವುದು ಎಂಥ ನಗೆಪಾಟಲು ಎಂದು ತಿಳಿಯಬೇಕಾದರೆ ರೋಮ್‌ನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕ ಗೋಡೆ ಗೀಚನ್ನು ನೋಡಬೇಕು. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ, ಕೆಳಗೆ ಕೈ ಎತ್ತಿ ನಿಂತ ಒಬ್ಬ ಹುಡುಗ. 'ಅಲೆಕ್ಸಾಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ' ಎಂದು ಗ್ರೀಕಿನಲ್ಲಿ ಕೆರೆದಿದ್ದಾರೆ. ಯಾರೋ ಜೊತೆಯವನನ್ನು ರೇಗಿಸಿದ್ದು. ಯೇಸುವಿನ ಶಿಲುಬೆಯ ಅತಿ ಹಳೆಯ ಚಿತ್ರಗಳಲ್ಲಿ ಒಂದು ಈ ಗೇಲಿ. ಕ್ರೈಸ್ತರೇ ಅದನ್ನು ಧೈರ್ಯವಾಗಿ ಚಿತ್ರಿಸಲು ಶುರು ಮಾಡಿದ್ದು ಬಹಳ ತಡವಾಗಿ, ಐದನೇ ಶತಮಾನದ ಹೊತ್ತಿಗೆ. ಅಷ್ಟರಲ್ಲಿ ಆ ಶಿಕ್ಷೆ ನಿಂತುಹೋಗಿತ್ತು.

ಪ್ರಶ್ನೆ: ಒಂದು ಕಡೆ ದ್ರಾಕ್ಷಾರಸ ಬೇಡ ಅಂದ, ಇನ್ನೊಂದು ಕಡೆ ಕುಡಿದ. ಯಾವುದು ಸರಿ?

ಎರಡೂ ಬೇರೆ ಬೇರೆ. ಮೊದಲು ಕೊಟ್ಟದ್ದು ರಕ್ತಬೋಳ ಬೆರೆಸಿದ ದ್ರಾಕ್ಷಾರಸ. ಮಂಪರು ಬರಲಿ, ನೋವು ಕಡಿಮೆಯಾಗಲಿ ಅಂತ ಕೊಟ್ಟದ್ದೆಂದು ಹೆಚ್ಚಿನ ವ್ಯಾಖ್ಯಾನಕಾರರು ಹೇಳುತ್ತಾರೆ. ಅದನ್ನು ಮುಟ್ಟಲಿಲ್ಲ. ಕೊನೆಯಲ್ಲಿ ಸ್ಪಂಜಿನಲ್ಲಿ ಕೊಟ್ಟದ್ದು ಹುಳಿ ರಸ, ಸಿಪಾಯಿಗಳು ದಿನಾ ಕುಡಿಯುವಂಥದ್ದು. 'ನನಗೆ ನೀರಡಿಕೆಯಾಗಿದೆ' ಎಂದಾಗ ಕೊಟ್ಟರು. ಅಷ್ಟೇ.

ಪ್ರಶ್ನೆ: ದೇವರ ಮಗನೇ ಆಗಿದ್ದರೆ 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ' ಎಂದು ಯಾಕೆ ಕೂಗಿದ?

ಆ ಮಾತು ಹಳೆ ಒಡಂಬಡಿಕೆಯ 22ನೇ ಕೀರ್ತನೆಯ ಮೊದಲ ಸಾಲು. ಬಟ್ಟೆಗೆ ಚೀಟಿ ಹಾಕುವುದೂ, ನೋಡಿದವರು ತಲೆ ಅಲ್ಲಾಡಿಸಿ ಅಣಕಿಸುವುದೂ ಅದೇ ಕೀರ್ತನೆಯಲ್ಲಿ ಬರುತ್ತದೆ. ಅದು ಮುಗಿಯುವುದು ದೇವರ ಸ್ತುತಿಯಲ್ಲಿ. ಹಾಗಾಗಿ ಅವನು ನಿರಾಶೆಯಿಂದ ಕೂಗಲಿಲ್ಲ, ಕೀರ್ತನೆ ಹೇಳಿಕೊಳ್ಳುತ್ತಿದ್ದ ಅಷ್ಟೇ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಆ ಸಮಾಧಾನ ಸ್ವಲ್ಪ ಸಲೀಸು ಅನ್ನಿಸುತ್ತದೆ. ಮಾರ್ಕನು 'ಮಹಾಧ್ವನಿಯಿಂದ ಕೂಗಿದ' ಎನ್ನುತ್ತಾನೆ. ಹತ್ತಿರ ನಿಂತವರಿಗೆ ಮಾತು ಅರ್ಥವಾಗದೆ, ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ ಅಂದುಕೊಂಡರು. ಶಿಷ್ಯರು ಓಡಿಹೋಗಿದ್ದರು. ಮೈನೋವಿನ ಬಗ್ಗೆ ಇಷ್ಟು ಜಿಪುಣನಾದ ಮಾರ್ಕ, ಈ ಕೂಗನ್ನು ಯೇಸುವಿನ ಸ್ವಂತ ಅರಮೇಯ ಭಾಷೆಯಲ್ಲೇ ಉಳಿಸಿಕೊಂಡಿದ್ದಾನೆ. ದೇವರು ಎಲ್ಲಿ ಹೋದ ಎಂದು ಕೇಳುವ ಮನುಷ್ಯನ ಜಾಗಕ್ಕೆ ದೇವರ ಮಗನೇ ಬಂದು ನಿಂತ ಅನ್ನುವುದು ಕ್ರೈಸ್ತರ ನಂಬಿಕೆ. ಕೂಗನ್ನು ಮೆತ್ತಗೆ ಮಾಡಿದರೆ ಆ ನಂಬಿಕೆಯೂ ಸಡಿಲವಾಗುತ್ತದೆ.

ಪ್ರಶ್ನೆ: ಪಾಪ ಕ್ಷಮಿಸಬೇಕಾದರೆ ಸುಮ್ನೆ ಕ್ಷಮಿಸಬಹುದಿತ್ತು. ದೇವರಿಗೆ ರಕ್ತ ಯಾಕೆ ಬೇಕಾಯಿತು?

ಎರಡು ಸಾವಿರ ವರ್ಷದಿಂದ ಕ್ರೈಸ್ತರೇ ಇದನ್ನು ಕೇಳಿಕೊಂಡು ಬಂದಿದ್ದಾರೆ, ಉತ್ತರ ಒಂದೇ ಆಗಿಲ್ಲ. ಅನೇಕರನ್ನು ಬಿಡಿಸಿಕೊಳ್ಳಲು ಪ್ರಾಣವನ್ನು ಈಡು ಕೊಡಲು ಬಂದೆ ಎಂದು ಯೇಸು ಹೇಳಿದ್ದು ಮಾರ್ಕನಲ್ಲಿದೆ. ಹನ್ನೊಂದನೇ ಶತಮಾನದ ಕೊನೆಗೆ ಆನ್ಸೆಲ್ಮ್ ಎಂಬ ಬಿಷಪ್, ಪಾಪ ದೇವರಿಗೆ ಸಲ್ಲಬೇಕಾದ ಗೌರವವನ್ನು ಕಸಿದ ಸಾಲ, ತೀರಿಸಬೇಕಾದವನು ಮನುಷ್ಯ, ತೀರಿಸಲು ಶಕ್ತಿಯಿರುವುದು ದೇವರಿಗೆ, ಅದಕ್ಕೇ ಎರಡೂ ಆಗಿರುವವನು ಬೇಕಾಯಿತು ಎಂದ. ಅವನ ನಂತರದ ಪೀಳಿಗೆಯ ಪಂಡಿತ ಅಬೆಲಾರ್ಡ್, ಆ ಪ್ರೀತಿಯನ್ನು ಕಂಡು ನಮ್ಮ ಎದೆ ಕರಗುವುದು ಮುಖ್ಯ ಎಂದು ಒತ್ತಿ ಹೇಳಿದ. ಕಾನೂನು ಓದಿದ್ದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಹದಿನಾರನೇ ಶತಮಾನದಲ್ಲಿ ಇದನ್ನು ಕೋರ್ಟಿನ ಭಾಷೆಯಲ್ಲಿ ಹೇಳಿದ: ನಮಗೆ ಬರಬೇಕಿದ್ದ ಶಿಕ್ಷೆ ಅವನ ಮೇಲೆ ಬಿತ್ತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಸಾವನ್ನು ಸೋಲಿಸಿದ ಗೆಲುವು ಎಂದೇ ಹಾಡುತ್ತವೆ. ಹೆಚ್ಚಿನ ಸಭೆಗಳು ಆರಾಧನೆಯಲ್ಲಿ ಹೇಳುವ ನೈಸೀನ್ ವಿಶ್ವಾಸಪ್ರಮಾಣ ಮಾತ್ರ 'ನಮಗೋಸ್ಕರ ಶಿಲುಬೆಗೆ ಹಾಕಲ್ಪಟ್ಟನು' ಎಂದು ಹೇಳಿ ಮುಂದೆ ಹೋಗುತ್ತದೆ, ಹೇಗೆ ಅನ್ನುವ ಜಗಳಕ್ಕೆ ಇಳಿಯುವುದಿಲ್ಲ.

'ಸುಮ್ನೆ ಕ್ಷಮಿಸಬಹುದಿತ್ತು' ಅನ್ನುವುದರ ಬಗ್ಗೆ ಒಂದು ಮಾತು. ಸಾಲ ಮನ್ನಾ ಮಾಡಿದರೆ ದುಡ್ಡು ಮಾಯವಾಗುವುದಿಲ್ಲ, ಕೊಟ್ಟವನ ಕೈ ಬಿಡುತ್ತದೆ. ಕ್ಷಮಿಸುವವನು ನಷ್ಟವನ್ನು ತಾನು ಹೊರುತ್ತಾನೆ. ಶಿಲುಬೆಯಲ್ಲಿ ದೇವರು ಹೊತ್ತದ್ದು ಅದನ್ನೇ ಅನ್ನುವ ವಿವರಣೆ ನನಗೆ ಹೆಚ್ಚು ಒಪ್ಪುತ್ತದೆ. ಸಿಟ್ಟಾದ ಅಪ್ಪ ನಿರಪರಾಧಿ ಮಗನನ್ನು ಹೊಡೆದು ಸಿಟ್ಟು ಇಳಿಸಿಕೊಂಡ ಎಂಬ ಚಿತ್ರ ನಿಮ್ಮ ತಲೆಯಲ್ಲಿದ್ದರೆ ತೆಗೆದುಹಾಕಿ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡ ಎನ್ನುತ್ತಾನೆ ಪೌಲ. ದೇವರು ಒಂದು ಕಡೆ, ಯೇಸು ಇನ್ನೊಂದು ಕಡೆ ಅಲ್ಲ.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್, ಕೊನೆಯ ಹಂತ. ನೋವು ತಡೆಯಲಾಗುತ್ತಿಲ್ಲ. ಯೇಸು ನೋವು ಸಹಿಸಿದ, ನೀನೂ ನಿನ್ನ ಶಿಲುಬೆ ಹೊರಬೇಕು ಎಂದು ಸಂಬಂಧಿಕರು ಹೇಳಿದ್ದರಿಂದ ಮಾರ್ಫಿನ್ ಮಾತ್ರೆ ಬೇಡ ಅನ್ನುತ್ತಿದ್ದಾರೆ. ಏನು ಹೇಳಲಿ?

ಮಾತ್ರೆ ತೆಗೆದುಕೊಳ್ಳಲು ಹೇಳಿ. ಯೇಸು ನೋವನ್ನು ಹುಡುಕಿಕೊಂಡು ಹೋದವನಲ್ಲ. ಹಿಂದಿನ ರಾತ್ರಿ ತೋಟದಲ್ಲಿ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೊಲಗಲಿ ಎಂದು ಬೇಡಿಕೊಂಡವನು. ರೋಗಿಗಳು ಎದುರಿಗೆ ಬಂದಾಗ ಸಹಿಸಿಕೊಳ್ಳಿ ಅನ್ನಲಿಲ್ಲ, ವಾಸಿ ಮಾಡಿದ. ಅಮ್ಮ ಕಥೋಲಿಕರಾಗಿದ್ದರೆ ಇದನ್ನೂ ಹೇಳಿ: 1957ರಲ್ಲಿ ಅರಿವಳಿಕೆ ವೈದ್ಯರು ಇದೇ ಪ್ರಶ್ನೆ ಕೇಳಿದಾಗ ಪೋಪ್ ಹನ್ನೆರಡನೇ ಪಿಯುಸ್, ಬೇರೆ ದಾರಿ ಇಲ್ಲದಿದ್ದರೆ, ಆಯಸ್ಸು ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ ನೋವಿನ ಔಷಧಿ ಕೊಡಬಹುದು ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಅಮ್ಮನಂಥವರ ವಿಷಯದಲ್ಲಿ ಡಾಕ್ಟರರು ಅಳೆದು ಕೊಡುವ ಮಾರ್ಫಿನ್‌ನಿಂದ ಆ ಮಾತಿನ ತನಕವೂ ಹೋಗಬೇಕಾಗುವುದಿಲ್ಲ.

ಅವರಿಗೆ ಚಿತ್ರ ನೋಡುವಷ್ಟು ತ್ರಾಣವಿದ್ದರೆ ಗ್ರೂನೆವಾಲ್ಡ್ ಎಂಬ ಜರ್ಮನ್ ಕಲಾವಿದ ಬರೆದ ಶಿಲುಬೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ. 1512ರಿಂದ 1516ರ ನಡುವೆ ಇಸೆನ್‌ಹೈಮ್‌ನ ಮಠಕ್ಕೆ ಬರೆದದ್ದು. ಆ ಮಠದವರು ನೋಡಿಕೊಳ್ಳುತ್ತಿದ್ದದ್ದು ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈ ಉರಿದು, ಕೈಕಾಲು ಕೊಳೆಯುವ ರೋಗಿಗಳನ್ನು. ಚಿತ್ರದಲ್ಲಿ ಯೇಸುವಿನ ಬೆರಳುಗಳು ಸೆಟೆದಿವೆ, ಚರ್ಮ ಹಸಿರುಗಟ್ಟಿದೆ, ಮೈತುಂಬ ಹುಣ್ಣು. ಯೇಸುವಿಗೆ ಆ ರೋಗ ಬಂದಿತ್ತು ಎಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಕಲಾವಿದ ಅಲ್ಲಿನ ರೋಗಿಗಳ ಹುಣ್ಣನ್ನು ಅವನ ಮೈಗೆ ಹಾಕಿದ. ನಿಮ್ಮ ನೋವು ಅವನಿಗೆ ಗೊತ್ತು ಎಂದು ಹೇಳಲು ಅದಕ್ಕಿಂತ ನೇರ ದಾರಿ ಇಲ್ಲ. ಆದರೆ ಅದೇ ಮಠದವರು ರೋಗಿಗಳಿಗೆ ಒಳ್ಳೆಯ ರೊಟ್ಟಿ ಕೊಡುತ್ತಿದ್ದರು, ಮುಲಾಮು ಹಚ್ಚುತ್ತಿದ್ದರು, ಕೊಳೆತ ಕಾಲನ್ನು ಕತ್ತರಿಸುತ್ತಿದ್ದರು. ಚಿತ್ರ ತೋರಿಸಿ ಸುಮ್ಮನಾಗಲಿಲ್ಲ.

ಸಂಬಂಧಿಕರು ಮುಂದಿನ ಸಲ ಬಂದಾಗ ಉಪದೇಶ ಮಾಡದೆ ಅಮ್ಮನ ಪಕ್ಕ ಒಂದು ರಾತ್ರಿ ಕೂರಲು ಹೇಳಿ, ನೀವು ಹೋಗಿ ಮಲಗಿ. ಮಾತ್ರೆ ವೇಳೆಗೆ ಸರಿಯಾಗಿ ಕೊಡಬೇಕು, ನೋವು ಏರುವ ತನಕ ಕಾಯಬಾರದು. ಎಷ್ಟು ಗಂಟೆಗೊಮ್ಮೆ ಎಂದು ಡಾಕ್ಟರರಿಂದ ಬರೆಸಿಕೊಂಡು ಅವರ ಕೈಗೆ ಕೊಡಿ.