ಮೊರ ಯಾರ ಕೈಯಲ್ಲಿದೆ?

ಪ್ರಶ್ನೆ: ಹುರುಳಿರುವ ವೈದ್ಯಕೀಯ ಸಂಶೋಧನೆ ಎಲ್ಲಾದರೂ ಪ್ರಕಟವಾಗದೆ ಉಳಿಯುತ್ತದೆಯೇ? ಅಡ್ಡಿಗಳಿದ್ದವೆಂದು ಕೊರಗುವವರ ಕೆಲಸದಲ್ಲೇ ದೋಷವಿರುತ್ತದೆ ಅಲ್ಲವೇ?
– ವೈದ್ಯವಿದ್ಯಾರ್ಥಿ, ದಾವಣಗೆರೆ

ಉತ್ತರ: ಜಳ್ಳನ್ನು ಬೇರ್ಪಡಿಸಲು ತಜ್ಞರ ಪರಿಶೀಲನೆ ಬೇಕು, ಚಿಕಿತ್ಸೆಯ ವಿಷಯದಲ್ಲಿ ಅವಸರದ ಮಾತು ಜೀವ ತೆಗೆಯಬಲ್ಲದು. ಅಷ್ಟನ್ನು ಒಪ್ಪುತ್ತೇನೆ. ಆದರೆ ಕೇರುವ ಮೊರ ಯಾರ ಕೈಯಲ್ಲಿದೆ ಎಂದು ತಾವು ಕೇಳಲೇ ಇಲ್ಲ.

ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿ ಹತ್ತೇ ವಾರಗಳಲ್ಲಿ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ದುರ್ಗಾ ಎಂಬ ಪ್ರನಾಳ ಶಿಶು ಜನಿಸಿತು. ಡಾ. ಸುಭಾಷ್ ಮುಖೋಪಾಧ್ಯಾಯರು ಹಾರ್ಮೋನು ನೀಡಿ ಅಂಡಗಳನ್ನು ಬೆಳೆಸಿ, ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು, ಬಳಿಕ ಗರ್ಭಕ್ಕೆ ಸೇರಿಸಿದ್ದರು. ಇಂದು ಜಗತ್ತಿನ ಬಂಜೆತನ ಚಿಕಿತ್ಸಾಲಯಗಳಲ್ಲಿ ನಿತ್ಯ ನಡೆಯುವ ಕೆಲಸವಿದು. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ, ರೇಡಿಯೊ ಭೌತವಿಜ್ಞಾನಿಯೊಬ್ಬರ ನೇತೃತ್ವದಲ್ಲಿ, ಮುಖೋಪಾಧ್ಯಾಯರ ಮಾತನ್ನು ನಂಬಲಾಗದೆಂದು ತಳ್ಳಿಹಾಕಿತು. 1979ರಲ್ಲಿ ಜಪಾನಿನಿಂದ ಉಪನ್ಯಾಸಕ್ಕೆ ಕರೆ ಬಂದರೂ ಅನುಮತಿ ಸಿಗಲಿಲ್ಲ. 1981ರಲ್ಲಿ ಈ ಸಂತಾನಶಾಸ್ತ್ರಜ್ಞರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಲಾಯಿತು. ಅದೇ ವರ್ಷದ ಜೂನ್ 19ರಂದು ಅವರು ತಮ್ಮ ಜೀವವನ್ನೇ ಕೊನೆಗಾಣಿಸಿಕೊಂಡರು. ಇದರಲ್ಲಿ ಸಂಶೋಧನೆಯ ದೋಷ ಯಾವುದು, ಹೇಳಿ.

ಅವರ ಟಿಪ್ಪಣಿಗಳನ್ನು ಶ್ರದ್ಧೆಯಿಂದ ಓದಿದವರು ಡಾ. ಟಿ. ಸಿ. ಆನಂದ ಕುಮಾರ್. 1986ರಲ್ಲಿ ಮುಂಬೈಯಲ್ಲಿ ಹರ್ಷಾಳ ಜನನದಿಂದ ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಸಂದಿದ್ದು ಅವರ ತಂಡಕ್ಕೆ. ಅಂಥವರೇ 1997ರಲ್ಲಿ, ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ, ಆ ಕೀರ್ತಿ ಮುಖೋಪಾಧ್ಯಾಯರದೆಂದು ಬರೆದರು. ವಿಜ್ಞಾನಿಯೊಬ್ಬರ ಇಂಥ ದೊಡ್ಡತನವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಬಡ ದೇಶದ ಕಥೆಯಿದು ಎನ್ನಬೇಡಿ. ರಕ್ತದಲ್ಲಿನ ಇನ್ಸುಲಿನ್ ಅಳೆಯುವ ದಾರಿ ತೋರಿದ ಅಮೆರಿಕದ ರೋಸಲಿನ್ ಯಾಲೋ, 1955ರಲ್ಲಿ ತಮ್ಮ ಲೇಖನಕ್ಕೆ ಬಂದ ತಿರಸ್ಕಾರದ ಪತ್ರವನ್ನು 1977ರ ನೊಬೆಲ್ ಉಪನ್ಯಾಸದಲ್ಲೇ ಸೇರಿಸಿದರು. ಈಗಂತೂ ಪರಿಶೀಲನೆಯಲ್ಲಿ ಗೆದ್ದರೂ ಹಣದ ಗೋಡೆಯೊಂದಿದೆ. ಎಲ್ಲರೂ ಉಚಿತವಾಗಿ ಓದುವಂತೆ ಲೇಖನ ಪ್ರಕಟಿಸಲು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆ 2020ರಲ್ಲಿ ಘೋಷಿಸಿದ ಶುಲ್ಕ 9,500 ಯೂರೋ. ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಲೇ ಹೊಸದನ್ನು ಕಂಡುಕೊಂಡ ವೈದ್ಯೆ ಅಷ್ಟನ್ನು ಎಲ್ಲಿಂದ ತರಬೇಕು?

ತಮ್ಮ ಪ್ರಶ್ನೆಯಲ್ಲಿ ವಿಜ್ಞಾನದ ಮೇಲಿನ ಪ್ರೀತಿಯಿದೆ, ಅದು ನನಗೆ ಮೆಚ್ಚುಗೆ. ಆನಂದ ಕುಮಾರರ ಆ ಲೇಖನವನ್ನು ಹುಡುಕಿ ಓದಿ. ಓದಿದ ಮೇಲೂ ‘ಕೊರಗುವವರು’ ಎಂಬ ಮಾತನ್ನು ಉಳಿಸಿಕೊಳ್ಳುವಿರಾದರೆ ಇನ್ನೊಂದು ಪತ್ರ ಬರೆಯಿರಿ.