ಮದ್ಯ ಮುಟ್ಟದವರಿಗೂ ಯಕೃತ್ತಿನ ಕಾಯಿಲೆ ಬರುವುದೇಕೆ?

ಮದ್ಯಪಾನವೊಂದೇ ಯಕೃತ್ತನ್ನು ಕೆಡಿಸುತ್ತದೆ ಎಂಬ ನಂಬಿಕೆ ಸರಿಯಲ್ಲ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಸಕ್ಕರೆಯನ್ನು, ಅದರಲ್ಲೂ ಸಿಹಿ ಪಾನೀಯಗಳಲ್ಲಿರುವ ಫ್ರಕ್ಟೋಸನ್ನು, ನಿತ್ಯ ಸೇವಿಸುತ್ತ ದಿನವಿಡೀ ಕುಳಿತೇ ಇರುವವರಲ್ಲಿ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸಿ ತನ್ನ ಜೀವಕೋಶಗಳಲ್ಲೇ ಕೂಡಿಡುತ್ತದೆ. ಇದೇ ಫ್ಯಾಟಿ ಲಿವರ್. ಕೆಲವರಲ್ಲಿ ಇದು ಉರಿಯೂತಕ್ಕೆ, ಅಲ್ಲಿಂದ ನಾರುಗಟ್ಟುವಿಕೆಗೆ (ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುವುದು), ಕೊನೆಗೆ ಯಕೃತ್ತು ಗಟ್ಟಿಯಾಗಿ ಅದರ ಕೆಲಸ ಕುಂದುವ ಸಿರೋಸಿಸ್‌ಗೆ ತಿರುಗಲು ಹಲವು ವರ್ಷಗಳೇ ಹಿಡಿಯುತ್ತವೆ, ಮತ್ತು ಅಷ್ಟೂ ಕಾಲ ಬಹುತೇಕರಿಗೆ ಯಾವ ನೋವೂ ಇರುವುದಿಲ್ಲ ಎಂಬುದೇ ನನಗೆ ಅತ್ಯಂತ ಕಳವಳದ ಸಂಗತಿಯಾಗಿ ತೋರುತ್ತದೆ. ಬೊಜ್ಜು ಅಥವಾ ಮಧುಮೇಹ ಇರುವವರು ಮದ್ಯವನ್ನೂ ಸೇವಿಸಿದರೆ ಹಾನಿ ಇನ್ನಷ್ಟು ಬೇಗ ಮುಂದುವರಿಯುತ್ತದೆ. ಅಧಿಕ ತೂಕದವರು ದೇಹತೂಕದ ಶೇ. 7ರಿಂದ 10ರಷ್ಟನ್ನು ನಿಧಾನವಾಗಿ ಇಳಿಸಿಕೊಂಡರೆ ಉರಿಯೂತ ತಗ್ಗುತ್ತದೆ, ನಾರುಗಟ್ಟುವಿಕೆಯೂ ಹಿಮ್ಮೆಟ್ಟಬಹುದು. ತೂಕ ಇಳಿಯದಿದ್ದರೂ ನಿಯಮಿತ ವ್ಯಾಯಾಮದಿಂದ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ.